ಸಮ್ಮಾಮಿಶ್, ಸ್ನೊಕ್ವಾಲ್ಮಿ, ಡುವಾಮಿಶ್: ಈ ಊರುಗಳ ಭಾಷೆಯನ್ನು ಬರೆದುಕೊಂಡವರು ಯಾರು?

ರೆಡ್ಮಂಡ್‌ರಂಗ

ಎಲ್ಲರಿಗೂ ನಮಸ್ಕಾರ. ಸಿಯಾಟಲ್ ಪಕ್ಕದ ರೆಡ್ಮಂಡಿಗೆ ಬಂದು ಆರು ವರ್ಷ ಆಯಿತು. ಆಫೀಸಿನ ದಾರಿಯಲ್ಲಿ ಸಮ್ಮಾಮಿಶ್ ಕೆರೆ, ನೆಂಟರು ಬಂದರೆ ಸ್ನೊಕ್ವಾಲ್ಮಿ ಜಲಪಾತ, ಆಚೆ ಸ್ನೋಹೋಮಿಶ್, ಸ್ಕೈಕೋಮಿಶ್, ಸಿಯಾಟಲ್ ಊರೊಳಗೆ ಡುವಾಮಿಶ್ ನದಿ. ಆರು ವರ್ಷ ಇವನ್ನೆಲ್ಲ ಫೋನಿನ ಮ್ಯಾಪ್ ಹೇಳಿಕೊಟ್ಟ ಹಾಗೇ ಉಚ್ಚರಿಸಿಕೊಂಡು ಓಡಾಡಿದ್ದೇನೆ. ಅರ್ಥ ಏನಿರಬಹುದು ಅಂತ ಒಂದು ದಿನವೂ ಯೋಚಿಸಿದವನಲ್ಲ.

ಹೋದ ತಿಂಗಳು ಮೂರನೇ ಕ್ಲಾಸಿನ ಮಗಳು ಬಂದು, "ಅಪ್ಪಾ, ಮಿಶ್ ಅಂದ್ರೆ ಜನ ಅಂತೆ. ಆದ್ರೆ ಅವರ ಭಾಷೇಲಿ ಈಗ ಅದು ಅಬ್ಶ್ ಅಂತೆ" ಅಂದಳು. ಆ ಭಾಷೆಯ ಹೆಸರು ಲಶೂಟ್‌ಸೀಡ್, ಸಲಿಶ್ ಅನ್ನುವ ಕುಟುಂಬಕ್ಕೆ ಸೇರಿದ್ದು. ಅಲ್ಲಿಗೆ ನನ್ನ ತಲೆಗೆ ಹುಳ ಬಿಟ್ಟ ಹಾಗಾಯಿತು.

ಪ್ರಶ್ನೆ ಎರಡು. ಮ ಹೋಗಿ ಬ ಆಗಿದ್ದು ಹೇಗೆ? ಮತ್ತೆ, ಬರಹವೇ ಇರದಿದ್ದ ಭಾಷೆ, ಮಾತಾಡುವ ಹಿರಿಯರು ಬೆರಳೆಣಿಕೆಯಷ್ಟು ಉಳಿದಿದ್ದಾಗ ಒಬ್ಬ ಭಾಷಾಶಾಸ್ತ್ರಜ್ಞ ಹೋಗಿ ಎಲ್ಲಿಂದ ಶುರು ಮಾಡುತ್ತಾನೆ? ಸುಮ್ನೆ "ಇದಕ್ಕೇನಂತೀರಿ, ಅದಕ್ಕೇನಂತೀರಿ" ಅಂತ ಬೆರಳು ತೋರಿಸುತ್ತಾ ಕೂರುವುದಾ? ಇಲ್ಲಿ ಓದಿಕೊಂಡವರು ಇದ್ದೀರಿ ಅಂತ ಗೊತ್ತು. ಸ್ವಲ್ಪ ಬಿಡಿಸಿ ಹೇಳಿ.

ನುಡಿಹುಚ್ಚಿ

ರಂಗಣ್ಣ, ನಿಮ್ಮ ಮಗಳಿಗೆ ನನ್ನ ಕಡೆಯಿಂದ ಒಂದು ಚಾಕಲೇಟ್ ಕೊಡಿಸಿ. ಅವಳು ಹೇಳಿದ್ದು ಪೂರ್ತಿ ಸರಿ.

ಮೊದಲು ಸುಲಭದ್ದು. ನಮ್ಮಲ್ಲಿ ಹಳಗನ್ನಡದ ಪಾಲು ಹಾಲಾಯಿತು, ಪೂವು ಹೂವಾಯಿತು ಅಲ್ವಾ? ಅಂಥದ್ದೇ ಅಲ್ಲೂ ಆಗಿದೆ, ಇನ್ನೂ ವಿಚಿತ್ರವಾಗಿ. ಲಶೂಟ್‌ಸೀಡಿನಲ್ಲಿ ಮೂಗಿನಿಂದ ಬರುವ ಮ, ನ ಎರಡೂ ಹೋಗಿ ಬ, ದ ಆಗಿವೆ. ನಿಮ್ಮ ಸ್ನೊಕ್ವಾಲ್ಮಿಯನ್ನೇ ತೆಗೆದುಕೊಳ್ಳಿ. ಆ ಭಾಷೆಯಲ್ಲಿ ಅದು ಹೆಚ್ಚುಕಡಿಮೆ ಸ್ದುಕ್ವಾಲ್ಬಿಖ್ವ್. ನ ಇದ್ದಲ್ಲಿ ದ, ಮ ಇದ್ದಲ್ಲಿ ಬ. ಬಿಳಿಯರು ಬಂದು ಹೆಸರು ಬರೆದುಕೊಂಡಾಗ ಧ್ವನಿ ಎರಡರ ನಡುವೆ ಎಲ್ಲೋ ಇತ್ತು, ಅವರ ಕಿವಿಗೆ ಮ ಅಂತ ಕೇಳಿಸಿತು, ನಕ್ಷೆಯಲ್ಲಿ ಅದೇ ಕೂತುಬಿಟ್ಟಿತು. ಮ, ನ ಈಗ ಉಳಿದಿರುವುದು ಹಳೇ ಕಥೆಗಳ ಕೆಲವು ಪಾತ್ರಗಳ ಬಾಯಲ್ಲಿ, ಮಕ್ಕಳನ್ನು ಮುದ್ದು ಮಾಡುವ ಮಾತಿನಲ್ಲಿ, ಇಂಥ ಕಡೆ ಮಾತ್ರ.

ಸಿಯಾಟಲ್ ಅನ್ನುವುದೂ ಒಬ್ಬ ಮುಖಂಡರ ಹೆಸರು. 1866ರಲ್ಲಿ ತೀರಿಕೊಂಡರು. ಅವರ ಹೆಸರಿನ ಕೊನೆಯ ಧ್ವನಿ ಇಂಗ್ಲಿಷ್ ಬಾಯಿಗೆ ಸಿಗದೆ "ಟಲ್" ಆಯಿತು. ಬೇಕಿದ್ದರೆ ಈಗಲೇ ಮಾಡಿ ನೋಡಿ: ಲ ಹೇಳಲು ನಾಲಿಗೆ ಇಡಿ, ದನಿ ತೆಗೆಯಬೇಡಿ, ನಾಲಿಗೆಯ ಪಕ್ಕದಿಂದ ಬರೀ ಗಾಳಿ ಊದಿ. ಸಿಟ್ಟಿಗೆದ್ದ ಬಾತುಕೋಳಿ ಬುಸ್ ಅಂದ ಹಾಗೆ ಕೇಳಿದರೆ ಬಂತು ಅಂತ ಲೆಕ್ಕ. ಆಫೀಸಿನಲ್ಲಿ ಮಾತ್ರ ಮಾಡಬೇಡಿ.

ಎರಡನೇ ಪ್ರಶ್ನೆಗೆ ದೊಡ್ಡ ಉತ್ತರ ಬೇಕು. ರಾತ್ರಿ ಬರೆಯುತ್ತೇನೆ.

ತರ್ಕರಾಯ

ಸ್ವರವೇ ಇಲ್ಲದ ಪದಗಳಿವೆ ಅಂತಾರಲ್ಲ, ಅದು ಇದೇ ಕುಟುಂಬವಾ? ಎಲ್ಲೋ ಓದಿದ್ದೆ, ನಂಬಿರಲಿಲ್ಲ.

ಮೇಷ್ಟ್ರು63

ಇದೇ ಕುಟುಂಬ, ರಾಯರೇ. ಭಾಷೆಯ ಹೆಸರು ನುಹಾಲ್ಕ್, ಹಳೇ ಪುಸ್ತಕಗಳಲ್ಲಿ ಬೆಲ್ಲ ಕೂಲ ಅಂತ ಇರುತ್ತದೆ. ಬ್ರಿಟಿಷ್ ಕೊಲಂಬಿಯಾದ ಕರಾವಳಿಯದ್ದು. "ಸ್‌ಖ್‌ಸ್" ಅಂದರೆ ಸೀಲ್ ಪ್ರಾಣಿಯ ಕೊಬ್ಬು. ಅಷ್ಟೇ ಪದ, ಒಂದೂ ಸ್ವರ ಇಲ್ಲ. ಹೆಂಕ್ ನಾಟರ್ ಅನ್ನುವ ಡಚ್ ಭಾಷಾಶಾಸ್ತ್ರಜ್ಞರು ಅಲ್ಲಿ ದಾಖಲಿಸಿದ ಒಂದು ಪದದಲ್ಲಿ 13 ವ್ಯಂಜನಗಳು ಸಾಲಾಗಿ ನಿಂತಿವೆ, ನಡುವೆ ಸ್ವರ ಅನ್ನುವುದೇ ಇಲ್ಲ. ಅರ್ಥ: "ಅವನ ಹತ್ತಿರ ಒಂದು ಬಂಚ್‌ಬೆರಿ ಗಿಡ ಇದ್ದಿತ್ತು." ವಾಕ್ಯದಷ್ಟು ಅರ್ಥ ಒಂದೇ ಪದದಲ್ಲಿ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವನು. ಸ್ವರ ಅಂದರೆ ಸ್ವತಂತ್ರವಾಗಿ ಉಚ್ಚರಿಸಬಹುದಾದದ್ದು, ವ್ಯಂಜನಕ್ಕೆ ಸ್ವರದ ಆಸರೆ ಬೇಕು ಅಂತ ಅದೆಷ್ಟು ಬ್ಯಾಚಿಗೆ ಬಾಯಿಪಾಠ ಮಾಡಿಸಿದ್ದೇನೋ. "ಸ್ತ್ರೀ", "ರಾಷ್ಟ್ರ" ಬರೆಯುವಾಗಲೇ ಒತ್ತಕ್ಷರ ಒಂದರ ಕೆಳಗೊಂದು ಕೂತು ಹುಡುಗರು ಒದ್ದಾಡುತ್ತಿದ್ದರು. ಆ 13 ವ್ಯಂಜನದ ಪದ ಬರೆಸಿದ್ದರೆ ಒತ್ತು ಇಳಿದು ಇಳಿದು ಪುಟದ ಕೆಳಗೆ ಬೀಳುತ್ತಿತ್ತು.

ಇನ್ನೊಂದು ವಿಷಯ. ಈ ಭಾಷೆಯನ್ನು ಮಾನವಶಾಸ್ತ್ರಜ್ಞ ಫ್ರಾನ್ಸ್ ಬೋವಾಸ್ ಮೊದಲು ಕೇಳಿದ್ದು ಕೆನಡಾದಲ್ಲಲ್ಲ, ಬರ್ಲಿನ್ನಿನಲ್ಲಿ! 1885ರಲ್ಲಿ ಒಂಬತ್ತು ಜನ ನುಹಾಲ್ಕ್ ಗಂಡಸರನ್ನು ಜರ್ಮನಿಗೆ ಕರೆತಂದು ಊರೂರಲ್ಲಿ ಹಾಡು ಕುಣಿತ ಅಂತ ಪ್ರದರ್ಶನಕ್ಕೆ ನಿಲ್ಲಿಸಿದ್ದರು, ಜಾತ್ರೆಯಲ್ಲಿ ಕರಡಿ ಆಡಿಸುವ ಹಾಗೆ. ಬೋವಾಸ್ ಅವರ ಹತ್ತಿರ ಕೂತು ಪದಗಳನ್ನು ಬರೆದುಕೊಂಡರು. 1886ರಲ್ಲಿ ಆ ಜನರ ಊರಿನ ಕಡೆಗೇ ಹಡಗು ಹತ್ತಿದರು. ಅಮೆರಿಕದ ಕ್ಷೇತ್ರಕಾರ್ಯ (ಅಂದರೆ ಜನರ ಜೊತೆಗೇ ಕೂತು ಅವರ ಭಾಷೆ ಬರೆದುಕೊಳ್ಳುವ ಕೆಲಸ) ಪರಂಪರೆಯ ಒಂದು ಬೇರು ಹೀಗೆ ಒಂದು ತಮಾಷೆ ಮೇಳದಲ್ಲಿದೆ. ಹೇಳಲು ಮುಜುಗರ, ಆದರೆ ನಿಜ.

ನುಡಿಹುಚ್ಚಿ

ಹಾಂ, ಈಗ ರಂಗಣ್ಣನ ಎರಡನೇ ಪ್ರಶ್ನೆ. ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ನಾನು ವ್ಯಾಂಕೂವರಿನಲ್ಲಿ ಎಂ.ಎ. ಮಾಡುವಾಗ ಕಲಿತದ್ದು ಇದೇ ಸಲಿಶ್ ಕುಟುಂಬದ, ಫ್ರೇಸರ್ ನದಿ ಕಡೆಯ ಭಾಷೆ. ಇಂಗ್ಲಿಷಿನಲ್ಲಿ ಲಿಲ್ಲೂಯೆಟ್. ಆ ಜನ ಹೇಳುವುದನ್ನು ಕನ್ನಡ ಲಿಪಿಗೆ ಇಳಿಸಿದರೆ ಸ್ಟ್ಲಾಟ್ಲಿಯಮ್‌ಖೆಚ್ ಅಂತ ಏನೋ ಆಗುತ್ತದೆ, ಅದೂ ಅರ್ಧಂಬರ್ಧ. ನನಗೆ ಹೇಳಿಕೊಡುತ್ತಿದ್ದ ಹಿರಿಯರು ವ್ಯಾಂಕೂವರ್ ಪಕ್ಕ ಮಗಳ ಮನೆಯಲ್ಲಿದ್ದರು. ಎಪ್ಪತ್ತು ದಾಟಿದ ಹೆಂಗಸು. ಇಲ್ಲಿ ಅಜ್ಜಿ ಅಂತಲೇ ಬರೆಯುತ್ತೇನೆ.

ಬೆರಳು ತೋರಿಸಿ ಪದ ಕೇಳುವುದು ಮೊದಲ ಎರಡು ವಾರ ನಡೆಯುತ್ತದೆ. ಕೈ, ಕಾಲು, ನೀರು, ನಾಯಿ, ಮೀನು. ಅದು ಕಿವಿ ಪಳಗಿಸಲು. ಕ ಒಂದೇ ನಾಲ್ಕೈದು ಥರ ಇದೆ. ಬಾಯಿಯ ಹಿಂದೆ ಒಂದು, ಗಂಟಲ ಹತ್ತಿರ ಇನ್ನೊಂದು, ತುಟಿ ದುಂಡಗೆ ಮಾಡಿ ಬೇರೆ, ಉಸಿರು ಕಟ್ಟಿ ಟಪ್ ಅಂತ ಒಡೆಯುವ ಕ ಬೇರೆ. ಕೊನೆಯದನ್ನು ನಾನು ಮಾಡಿದಾಗಲೆಲ್ಲ ಅಜ್ಜಿ ಮೊಮ್ಮಗನನ್ನು ಕರೆದು "ಬಾ, ಕೇಳು" ಅನ್ನುತ್ತಿದ್ದರು. ಇಬ್ಬರೂ ನಗುತ್ತಿದ್ದರು.

ನಿಜವಾದ ಕಷ್ಟ ವಾಕ್ಯಕ್ಕೆ ಬಂದ ಮೇಲೆ. ಒಂದು ದಿನ ಕಾಗದದಲ್ಲಿ ಬರೆದುಕೊಂಡು ಹೋಗಿದ್ದ ಸಾಲು ಓದಿದೆ: "ನಿನ್ನೆ ಅವನು ಬಂದ, ಇದನ್ನು ಹೇಗೆ ಹೇಳುತ್ತೀರಿ?" ಅಜ್ಜಿ ಉತ್ತರ ಹೇಳಲಿಲ್ಲ. "ನೀನು ನೋಡಿದ್ಯಾ, ಯಾರಾದರೂ ಹೇಳಿದ್ರಾ?" ಅಂತ ನನ್ನನ್ನೇ ಕೇಳಿದರು. ನಾನು ಪೆಚ್ಚಾಗಿ ಕೂತೆ. "ಅವನು" ಅಂತ ಯಾರೂ ಇರಲೇ ಇಲ್ಲವಲ್ಲ, ಬರೀ ಉದಾಹರಣೆ.

ವಿಷಯ ಇಷ್ಟು. ಆ ಭಾಷೆಯಲ್ಲಿ ಬೇರೆಯವರಿಂದ ಕೇಳಿದ ಸುದ್ದಿಗೆ ಒಂದು ಪುಟ್ಟ ಪದ ಅಂಟಿಕೊಳ್ಳುತ್ತದೆ, "ಕು" ಅಂದು ಗಂಟಲು ಟಕ್ ಅಂತ ಮುಚ್ಚಬೇಕು. ಗುರುತು ನೋಡಿ ಊಹಿಸಿದ್ದಕ್ಕೆ ಇನ್ನೊಂದು. ಕಣ್ಣಲ್ಲಿ ನೋಡಿಲ್ಲ, ಸದ್ದು ಕೇಳಿಸಿತು ಅಥವಾ ವಾಸನೆ ಬಂತು ಅನ್ನುವುದಕ್ಕೂ ಒಂದಿದೆ. ಇಂಗ್ಲಿಷಿನಲ್ಲಿ ಕೇಳಿದರೆ ಇವು ಯಾವುವೂ ಹೊರಗೆ ಬರುವುದಿಲ್ಲ, ಯಾಕೆಂದರೆ ಇಂಗ್ಲಿಷ್ ವಾಕ್ಯದಲ್ಲಿ ಅದಕ್ಕೆ ಜಾಗವೇ ಇಲ್ಲ.

ಈಗ ರಂಗಣ್ಣನ ಮಗಳ ಮಾತು ಮೇಲೆ ಹೋಗಿ ಓದಿ. "ಮಿಶ್ ಅಂದ್ರೆ ಜನ ಅಂತೆ." ಮೂರನೇ ಕ್ಲಾಸಿನ ಹುಡುಗಿ ಎರಡು ಸಲ ಅಂತೆ ಹಾಕಿದ್ದಾಳೆ, ತಾನು ಕಂಡದ್ದಲ್ಲ, ಟೀಚರ್ ಹೇಳಿದ್ದು ಅಂತ. ಯಾರೂ ಕಲಿಸಿದ್ದಲ್ಲ. ಅಜ್ಜಿ ಕೇಳಿದ್ದೂ ಅದನ್ನೇ! ನನ್ನ ಕ್ಲಾಸಿನ ಕೆನಡಾ ಹುಡುಗರಿಗೆ ಇದು ತಲೆಗೆ ಹೋಗಲು ಮೂರು ವಾರ ಬೇಕಾಯಿತು. ನನಗೆ ಅರ್ಧ ನಿಮಿಷ. ಕನ್ನಡ ಬಂದದ್ದಕ್ಕೆ ಅಷ್ಟು ದೂರದಲ್ಲಿ ಲಾಭ ಆಗಿದ್ದು ಅದೇ ಮೊದಲು. (ಎರಡೂ ಥೇಟ್ ಒಂದೇ ಅಂತ ಹೇಳುತ್ತಿಲ್ಲ. ಬಾಗಿಲು ತೆರೆಯಿತು ಅಷ್ಟೇ.)

ಅಂದರೆ ಯಾವ ಭಾಷೆಯಲ್ಲಿ ಕೇಳುತ್ತೇವೋ ಅದರ ನೆರಳು ಉತ್ತರದ ಮೇಲೆ ಬಿದ್ದೇ ಬೀಳುತ್ತದೆ. ಲೀಸಾ ಮ್ಯಾಥ್ಯೂಸನ್ ಅಂತ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದಾರೆ, ಇದೇ ಭಾಷೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. 2004ರಲ್ಲಿ ಅವರು ಬರೆದ ಒಂದು ಲೇಖನ ಇವತ್ತಿಗೂ ಕ್ಷೇತ್ರಕಾರ್ಯಕ್ಕೆ ಹೊರಟವರ ಚೀಲದಲ್ಲಿರುತ್ತದೆ. ಸಾರಾಂಶ: ಬರೀ ಅನುವಾದ ಕೇಳಬೇಡಿ. ಮೊದಲು ಒಂದು ಸನ್ನಿವೇಶ ಕಟ್ಟಿ. "ನೀವು ಮನೆಗೆ ಬಂದಿರಿ, ಗಂಡ ಕಾಣುತ್ತಿಲ್ಲ, ಆದರೆ ಬಾಗಿಲಲ್ಲಿ ಅವರ ಬೂಟು ಒದ್ದೆಯಾಗಿ ಬಿದ್ದಿದೆ, ಆಗ ಏನನ್ನುತ್ತೀರಿ?" ಆಮೇಲೆ ನೀವೇ ಒಂದು ವಾಕ್ಯ ಹೇಳಿ, ಆ ಸನ್ನಿವೇಶಕ್ಕೆ ಹೊಂದುತ್ತದಾ ಕೇಳಿ. ಹೊಂದಲ್ಲ ಅಂದರೆ ಅದೂ ಮಾಹಿತಿಯೇ. ನನಗಂತೂ "ಹಾಗನ್ನಲ್ಲ" ಅನ್ನುವ ಉತ್ತರದಿಂದಲೇ ಜಾಸ್ತಿ ತಿಳಿಯಿತು. ಆಮೇಲಾಮೇಲೆ ಚಿತ್ರಗಳ ಸರಣಿ ಮಾಡಿ ಹಿರಿಯರ ಕೈಗೆ ಕೊಟ್ಟು "ಈ ಕಥೆ ನಿಮ್ಮ ಮಾತಲ್ಲಿ ಹೇಳಿ" ಅನ್ನುವ ಪದ್ಧತಿಯೂ ಬಂತು.

ರೆಡ್ಮಂಡ್‌ರಂಗ

ಮಗಳಿಗೆ ಓದಿ ಹೇಳಿದೆ. "ನಾನು ಅಂತೆ ಅಂದೇ ಇಲ್ಲ" ಅಂತ ವಾದ ಮಾಡುತ್ತಿದ್ದಾಳೆ.

ನುಡಿಹುಚ್ಚಿ

ಎಲ್ಲ ಭಾಷಿಕರೂ ಹಾಗೇ ಹೇಳುವುದು. ಪರವಾಗಿಲ್ಲ.

ಇನ್ನೊಂದು ಕಥೆ ಇದೆ, ನನ್ನ ಮಾನ ಹೋದದ್ದು. ಅಜ್ಜಿಯ ಅಡುಗೆಮನೆಯಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಮನೆಗೆ ಬಂದು ಕೇಳಿದರೆ ಹಿಂದೆ ಗುಂಯ್ ಅಂತ ಫ್ರಿಜ್ಜಿನ ಸದ್ದು. ಆ ಗಂಟಲ ಧ್ವನಿಗಳೆಲ್ಲ ಅದರಲ್ಲೇ ಮುಳುಗಿಹೋಗಿವೆ. ಮುಂದಿನ ಸಲ ಅಜ್ಜಿಯನ್ನು ಕೇಳಿ ಫ್ರಿಜ್ ಪ್ಲಗ್ ಕಿತ್ತೆ. ಎರಡು ಗಂಟೆ ಗಾಜಿನಷ್ಟು ಸ್ಪಷ್ಟವಾದ ರೆಕಾರ್ಡಿಂಗ್. ಖುಷಿಯಲ್ಲಿ ಪ್ಲಗ್ ವಾಪಸ್ ಹಾಕದೆ ಬಸ್ ಹತ್ತಿದೆ. ಒಳಗೆ ಊರಿಂದ ಬಂದಿದ್ದ ಸಾಮನ್ ಮೀನು ಇತ್ತು, ಚಳಿಗಾಲಕ್ಕೆ ಅಂತ ತೆಗೆದಿಟ್ಟಿದ್ದು. ಆ ಮನೆಯಲ್ಲಿ ಸಾಮನ್ ಅಂದರೆ ಏನು ಅಂತ ನಿಮಗೆ ಹೇಗೆ ಹೇಳಲಿ, ನಮ್ಮ ಮನೆಯಲ್ಲಿ ವರ್ಷದ ಉಪ್ಪಿನಕಾಯಿ ಭರಣಿ ಒಡೆದ ಹಾಗೆ.

ಮರುವಾರ ತಲೆ ತಗ್ಗಿಸಿಕೊಂಡು ಹೋದೆ. ಅಜ್ಜಿ ಬೈಯಲಿಲ್ಲ. ಅವತ್ತಿನ ಪಾಠ ಪೂರ್ತಿ ಕೊಳೆಯುವುದು, ನಾರುವುದು, ಮರೆಯುವುದು, ಈ ಕ್ರಿಯಾಪದಗಳ ಮೇಲೆಯೇ ನಡೆಸಿದರು. ಮಗಳು ಪಕ್ಕದಲ್ಲಿ ಕೂತು ಬಿದ್ದು ಬಿದ್ದು ನಗುತ್ತಿದ್ದಳು.

ಆ ಪಾಠದಲ್ಲಿಯೇ ಸಲಿಶ್ ಭಾಷೆಗಳ ಒಂದು ಮುಖ್ಯ ಗುಟ್ಟು ನನಗೆ ಹತ್ತಿತು. ಲಾರೆನ್ಸ್ ಥಾಂಪ್ಸನ್ ಮತ್ತು ಅವರ ಹೆಂಡತಿ ಟೆರಿ ಥಾಂಪ್ಸನ್ ಈ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಕೆಲಸ ನಿಮ್ಮ ಹಿಡಿತದಲ್ಲಿ ನಡೆಯಿತಾ, ಹಿಡಿತ ಮೀರಿ ನಡೆಯಿತಾ ಅನ್ನುವುದಕ್ಕೆ ಕ್ರಿಯಾಪದದಲ್ಲೇ ಬೇರೆ ಬೇರೆ ಪ್ರತ್ಯಯ. ನಾನು ಪ್ಲಗ್ ಕಿತ್ತದ್ದು ಹಿಡಿತದಲ್ಲಿ. ಮೀನು ಹಾಳು ಮಾಡಿದ್ದು ಹಿಡಿತ ಮೀರಿ. ತಮಾಷೆ ಏನೆಂದರೆ ಆ ಎರಡನೇ ಪ್ರತ್ಯಯಕ್ಕೆ ಇನ್ನೊಂದು ಅರ್ಥವೂ ಇದೆ: "ಒದ್ದಾಡಿ ಒದ್ದಾಡಿ ಕೊನೆಗೂ ಮಾಡಿ ಮುಗಿಸಿದೆ." ಗೊತ್ತಿಲ್ಲದೆ ಆದದ್ದು, ಕಷ್ಟಪಟ್ಟು ಸಾಧಿಸಿದ್ದು, ಎರಡಕ್ಕೂ ಒಂದೇ ರೂಪ. ಎರಡರಲ್ಲೂ ಹಿಡಿತ ಪೂರ್ತಿ ನಮ್ಮದಲ್ಲ ನೋಡಿ.

ತರ್ಕರಾಯ

ಇದರಲ್ಲೇನು ಅಷ್ಟು ವಿಶೇಷ? ಕನ್ನಡದಲ್ಲೂ ಇದೆ. "ಬಾಯಿ ತಪ್ಪಿ ಹೇಳಿಬಿಟ್ಟೆ", "ಅಂತೂ ಇಂತೂ ಮನೆ ಕಟ್ಟಿಬಿಟ್ಟೆ". ಗೊತ್ತಿಲ್ಲದೆ ಆಗಿದ್ದಕ್ಕೂ ಬಿಟ್ಟೆ, ಕಷ್ಟಪಟ್ಟು ಮಾಡಿದ್ದಕ್ಕೂ ಬಿಟ್ಟೆ.

ಶಾಲ್ಮಲಾ

ರಾಯರೇ, ಮೊದಲ ಸಲ ನೀವು ಹೇಳಿದ್ದು ಚೆನ್ನಾಗಿದೆ. ಆದರೆ "ಬೇಕಂತಲೇ ಅವನ ಮುಖಕ್ಕೇ ಹೇಳಿಬಿಟ್ಟೆ" ಅಂತಲೂ ಅನ್ನುತ್ತೀವಲ್ಲ? ಅಲ್ಲಿ ಹಿಡಿತ ಪೂರ್ತಿ ನಮ್ಮದೇ.

ತರ್ಕರಾಯ

ಹ್ಮ್. ಅದೂ ಸರಿ.

ನುಡಿಹುಚ್ಚಿ

ನೋಡಿ, ಈಗ ನೀವಿಬ್ಬರೂ ಮಾಡಿದ್ದೇ ಕ್ಷೇತ್ರಕಾರ್ಯ. ಒಬ್ಬರು ನಿಯಮ ಹೇಳಿದಿರಿ, ಇನ್ನೊಬ್ಬರು ಅದು ಮುರಿಯುವ ವಾಕ್ಯ ತಂದಿರಿ. ಇದನ್ನೇ ಇನ್ನೊಬ್ಬರ ಭಾಷೆಯಲ್ಲಿ, ವಾರಕ್ಕೆ ಎರಡು ಗಂಟೆ, ಹತ್ತು ವರ್ಷ ಮಾಡಬೇಕು.

ತರ್ಕರಾಯ

ಸರಿ, ಹಾಗಾದರೆ ನೇರವಾಗಿಯೇ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹತ್ತು ವರ್ಷ ಕೂತು ಒಬ್ಬ ಅಜ್ಜಿಯ ಕ್ರಿಯಾಪದ ಬರೆದುಕೊಂಡು ಯಾರಿಗೆ ಏನು ಉಪಯೋಗ? ಅಜ್ಜಿ ಹೋದ ಮೇಲೆ ಭಾಷೆಯೂ ಹೋಗುತ್ತದೆ. ವಿದ್ವಾಂಸರಿಗೆ ಪಿಎಚ್‌ಡಿ, ಪ್ರಮೋಷನ್. ಆ ಜನಕ್ಕೆ ಒಂದು ದಪ್ಪ ನಿಘಂಟು, ಅದನ್ನು ಓದಲು ಸಂಕೇತಗಳ ಒಂದು ಕೋರ್ಸ್ ಬೇಕು. ಆ ದುಡ್ಡಲ್ಲಿ ಅವರ ಮಕ್ಕಳಿಗೆ ಓದಲು ಕೊಟ್ಟಿದ್ದರೆ ಆಗುತ್ತಿತ್ತು.

ಶಾಲ್ಮಲಾ

ಅವರ ಮಕ್ಕಳಿಗೆ "ಓದಲು ಕೊಟ್ಟೇ" ಈ ಸ್ಥಿತಿ ಬಂದದ್ದು ರಾಯರೇ. ಭಾಷೆ ತಾನಾಗಿ ಸಾಯಲಿಲ್ಲ. ಕೆನಡಾದಲ್ಲೂ ಅಮೆರಿಕದಲ್ಲೂ ಮಕ್ಕಳನ್ನು ಮನೆಯಿಂದ ಕಿತ್ತು ವಸತಿ ಶಾಲೆಗಳಿಗೆ ಹಾಕಿದರು. ಮನೆಮಾತು ಆಡಿದರೆ ಶಿಕ್ಷೆ. ಕೆನಡಾದಲ್ಲಿ ಕೊನೆಯ ವಸತಿ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಏಟು ತಿಂದ ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳ ಹತ್ತಿರ ಆ ಭಾಷೆ ಆಡಲೇ ಇಲ್ಲ, ಅವರಿಗೂ ಏಟು ಬೀಳಬಾರದು ಅಂತ. ಒಂದು ತಲೆಮಾರು ತಪ್ಪಿದರೆ ಸಾಕಲ್ವಾ?

ಅಜ್ಜಿ ಹೋದ ಮೇಲೆ ಭಾಷೆ ಹೋಗುತ್ತದೆ ಅಂದಿರಿ. ಕ್ಲಾಲಮ್ ಅನ್ನುವ ಇನ್ನೊಂದು ಸಲಿಶ್ ಭಾಷೆಯ ಕಥೆ ಕೇಳಿ. ವಾಷಿಂಗ್ಟನ್ ರಾಜ್ಯದ ಪೋರ್ಟ್ ಏಂಜಲೀಸಿನಲ್ಲಿ ಹೇಜಲ್ ಸ್ಯಾಂಪ್ಸನ್ ಅಂತ ಹಿರಿಯರಿದ್ದರು. ಹುಟ್ಟಿನಿಂದ ಕ್ಲಾಲಮ್ ಆಡಿದ ಕೊನೆಯವರು. 2014ರ ಫೆಬ್ರವರಿಯಲ್ಲಿ, 103ನೇ ವಯಸ್ಸಿನಲ್ಲಿ ಹೋದರು. ಆದರೆ ಅಷ್ಟರಲ್ಲಿ ಟಿಮೊಥಿ ಮಾಂಟ್ಲರ್ ಅನ್ನುವ ಭಾಷಾಶಾಸ್ತ್ರಜ್ಞರು ಹಿರಿಯರ ಜೊತೆ ವರ್ಷಗಟ್ಟಲೆ ಕೂತು ಮಾಡಿದ ನಿಘಂಟು 2012ರಲ್ಲಿ ಬಂದಾಗಿತ್ತು. ಊರಿನ ಹೈಸ್ಕೂಲಿನಲ್ಲಿ ಮಕ್ಕಳು ಕ್ಲಾಲಮ್ ಕಲಿಯುತ್ತಿದ್ದರು. ಎರಡನೇ ಭಾಷೆಯಾಗಿ ಕಲಿತವರು ಅಂತಲೇ ಇಟ್ಟುಕೊಳ್ಳಿ, ಆದರೂ ಮಾತಾಡುವವರು ಇದ್ದಾರಲ್ಲ.

ಮೊಂಟಾನಾ ರಾಜ್ಯದ ಆರ್ಲಿಯಲ್ಲಿ 2002ರಲ್ಲೇ ಪುಟ್ಟ ಮಕ್ಕಳಿಗೆ ಸಲಿಶ್ (ಅಲ್ಲಿ ಕುಟುಂಬದ ಹೆಸರೇ ಒಂದು ಭಾಷೆಗೂ ಇದೆ) ಮಾಧ್ಯಮದ ಶಾಲೆ ಶುರುವಾಯಿತು. ಸ್ಪೊಕೇನ್ ನಗರದಲ್ಲೂ ಅಂಥ ಒಂದು ಶಾಲೆಯಿದೆ. ಹಳೇ ಟೇಪು, ನೋಟ್‌ಬುಕ್ಕು ಇಲ್ಲದೆ ಇವರೆಲ್ಲ ಪಾಠ ಎಲ್ಲಿಂದ ಮಾಡಬೇಕಿತ್ತು?

ಮೇಷ್ಟ್ರು63

ನಿಘಂಟು ಓದಲು ಕೋರ್ಸ್ ಬೇಕು ಅಂದಿರಲ್ಲ ರಾಯರೇ, ಆ ಮಾತಿಗೆ ಉತ್ತರ ಕೊಟ್ಟವರು ಒಬ್ಬ ಮೀನುಗಾರರು. ಡೇವ್ ಎಲಿಯಟ್. ವ್ಯಾಂಕೂವರ್ ದ್ವೀಪದ ಸಾನಿಚ್ ಜನ, ಅವರದ್ದೂ ಸಲಿಶ್ ಕುಟುಂಬದ ಭಾಷೆಯೇ. ವಿದ್ವಾಂಸರ ಸಂಕೇತ ಲಿಪಿ ನಮ್ಮವರಿಗೆ ತೊಡಕು, ಒಂದು ಧ್ವನಿಗೆ ಒಂದೇ ಅಕ್ಷರ ಇರಬೇಕು ಅಂತ ಹಟ ಹಿಡಿದು, ಒಂದು ಹಳೇ ಟೈಪ್‌ರೈಟರ್ ಕೊಂಡು, 1978ರಲ್ಲಿ ತಮ್ಮ ಭಾಷೆಗೆ ತಾವೇ ಅಕ್ಷರಮಾಲೆ ಕಟ್ಟಿದರು. ಟೈಪ್‌ರೈಟರಿನಲ್ಲಿ ಇಲ್ಲದ ಧ್ವನಿಗೆ ಇರುವ ದೊಡ್ಡ ಅಕ್ಷರದ ಮೇಲೆಯೇ ಅಡ್ಡಗೆರೆ ಹೊಡೆದರು, ಅದು ಹೊಸ ಅಕ್ಷರ. ಹಾಗಾಗಿ ಆ ಬರಹ ಹೆಚ್ಚುಕಡಿಮೆ ಪೂರ್ತಿ ದೊಡ್ಡಕ್ಷರದಲ್ಲೇ ಇರುತ್ತದೆ, ನೋಡಿದರೆ ಯಾರೋ ಕೂಗಿದ ಹಾಗೆ. ಅಡ್ಡಗೆರೆಯ ಟಿ ಮುಂತಾದವು ಆಮೇಲೆ ಯೂನಿಕೋಡಿಗೂ ಸೇರಿದವು. ಅವರ ಮಗ ಜಾನ್ ಎಲಿಯಟ್ ಈ ಭಾಷೆಗಳಿಗಾಗಿ ಫಸ್ಟ್‌ವಾಯ್ಸಸ್ ಅನ್ನುವ ಆನ್‌ಲೈನ್ ಧ್ವನಿಕೋಶ ಶುರು ಮಾಡಿದವರಲ್ಲಿ ಒಬ್ಬರು.

ಅಂದ ಹಾಗೆ ಈ ಪರಂಪರೆಯ ಒಂದು ಎಳೆ ನಮ್ಮ ಕಡೆಗೂ ಬಂದಿದೆ. ಬೋವಾಸರ ಶಿಷ್ಯ ಸಪೀರ್. ಯೇಲಿನಲ್ಲಿ ಸಪೀರ್ ಹತ್ತಿರ ಕಲಿತವರು ಎಂ.ಬಿ. ಎಮೆನೊ. ಅವರು 1935ರಲ್ಲಿ ನೀಲಗಿರಿಗೆ ಬಂದು ಮೂರು ವರ್ಷ ತೊದವ, ಕೋತ, ಬಡಗ, ಕೊಡವ ಭಾಷೆಗಳನ್ನು ಜನರ ಬಾಯಿಂದಲೇ ಬರೆದುಕೊಂಡರು. ವಾಪಸ್ ಹೋಗಿ ಬರ್ಕ್ಲಿಯಲ್ಲಿ ಮೇರಿ ಹಾಸ್ ಜೊತೆ ಸೇರಿ ಕ್ಯಾಲಿಫೋರ್ನಿಯಾದ ಇಂಡಿಯನ್ ಭಾಷೆಗಳ ಸರ್ವೆ ಕಟ್ಟಿದರು. ಅಮೆರಿಕದ ಆದಿವಾಸಿಗಳ ಭಾಷೆ ಬರೆಯಲು ಹುಟ್ಟಿದ ಪಟ್ಟು ಕೊಡವ ಭಾಷೆಗೆ ಬಂತು, ಇಲ್ಲಿ ಪಳಗಿದ ಕೈ ಮತ್ತೆ ಅಲ್ಲಿಗೆ ಹೋಯಿತು.

ತರ್ಕರಾಯ

ಒಪ್ಪಿದೆ, ಅರ್ಧ. ಡೇವ್ ಎಲಿಯಟ್ ಮಾಡಿದ್ದು ಉಪಯೋಗದ ಕೆಲಸ, ಯಾಕೆಂದರೆ ಅವರ ಭಾಷೆ ಅವರ ಕೈಯಲ್ಲೇ ಇತ್ತು. ಬೇರೆ ಕಡೆ ಏನಾಗುತ್ತದೆ? ಹೊರಗಿನವನು ಟೇಪ್ ಒಯ್ಯುತ್ತಾನೆ, ಎಲ್ಲೋ ಲೈಬ್ರರಿಯಲ್ಲಿ ಇಡುತ್ತಾನೆ, ಆಮೇಲೆ ಮೊಮ್ಮಗ ಅಜ್ಜನ ದನಿ ಕೇಳಬೇಕೆಂದರೆ ಅರ್ಜಿ ಹಾಕಬೇಕು. ನಮ್ಮ ತಂದೆ ಜನಪದ ಹಾಡುಗಾರರು. ಎಂಬತ್ತರ ದಶಕದಲ್ಲಿ ಯಾರೋ ಬಂದು ರಾತ್ರಿಯೆಲ್ಲ ಹಾಡಿಸಿ ರೆಕಾರ್ಡ್ ಮಾಡಿಕೊಂಡು ಹೋದರು. ಕ್ಯಾಸೆಟ್ ಕಳಿಸುತ್ತೇವೆ ಅಂದರು. ಅಪ್ಪ ಸಾಯುವವರೆಗೂ ಕಾದರು. ನನ್ನ ಹತ್ತಿರ ಅವರ ದನಿ ಇಲ್ಲ.

ನುಡಿಹುಚ್ಚಿ

ರಾಯರೇ, ಇದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ. ಈ ತಪ್ಪು ಆಗಿದೆ, ಅಲ್ಲೂ ಆಗಿದೆ, ಎಷ್ಟೋ ಸಲ. ಅದಕ್ಕೇ ಕೆನಡಾದ ಮೂಲನಿವಾಸಿಗಳು 1998ರಲ್ಲಿ ಒಂದು ನಿಯಮ ಮುಂದಿಟ್ಟರು: ಮಾಹಿತಿಯ ಒಡೆತನ, ನಿಯಂತ್ರಣ, ಅದನ್ನು ನೋಡುವ ಹಕ್ಕು, ಇಟ್ಟುಕೊಳ್ಳುವ ಹಕ್ಕು, ನಾಲ್ಕೂ ಸಮುದಾಯದ್ದು. ನಾನು ಪ್ರತಿ ಪಾಠದ ಕೊನೆಗೆ ಅಜ್ಜಿಯ ಮಗಳ ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿ ಬರಬೇಕಿತ್ತು. ಗಂಟೆಗೆ ಇಷ್ಟು ಅಂತ ಅಜ್ಜಿಗೆ ಸಂಭಾವನೆಯೂ ಇತ್ತು. ಅವರು ಹೇಳಿದ ಎರಡು ಕಥೆಗಳನ್ನು "ಇದು ನಮ್ಮ ಮನೆಯದ್ದು, ಬರೆಯಬೇಡ" ಅಂದರು. ಬರೆಯಲಿಲ್ಲ. ಅಳಿಸಿದೆ.

ಹಳೇಟೇಪು

ನಾನು ಸಾಮಾನ್ಯವಾಗಿ ಸುಮ್ಮನೆ ಓದಿಕೊಂಡು ಹೋಗುವವನು. ರಾಯರ ತಂದೆಯ ವಿಷಯ ಓದಿ ಬರೆಯಬೇಕು ಅನ್ನಿಸಿತು. ನಾನು ರೇಡಿಯೋದಲ್ಲಿ ರೆಕಾರ್ಡಿಂಗ್ ಕೆಲಸ ಮಾಡಿ ನಿವೃತ್ತನಾದವನು.

ಲಶೂಟ್‌ಸೀಡಿಗೆ ಸಂಬಂಧಪಟ್ಟ ಒಂದು ಟೇಪ್ ಕಥೆ ನನಗೆ ಬಹಳ ಇಷ್ಟ. 1950ರ ದಶಕದಲ್ಲಿ ಲಿಯಾನ್ ಮೆಟ್‌ಕಾಫ್ ಅನ್ನುವವರು ಟೇಪ್ ರೆಕಾರ್ಡರ್ ಹೊತ್ತುಕೊಂಡು ಹಿರಿಯರ ಮನೆಮನೆಗೆ ಹೋಗುತ್ತಿದ್ದರು. ಬರೀ ಕಥೆ ಕೇಳಿಕೊಂಡು ಬರಲಿಲ್ಲ. ಒಬ್ಬ ಹಿರಿಯರು ದೂರದ ಇನ್ನೊಬ್ಬರಿಗೆ ಹೇಳುವ ಮಾತನ್ನು ಟೇಪಿನಲ್ಲಿ ಹಿಡಿದು, ಅವರ ಮನೆಗೆ ಹೋಗಿ ಕೇಳಿಸಿ, ಅವರ ಉತ್ತರ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದರು. ಪೋಸ್ಟ್‌ಮ್ಯಾನ್ ಕೆಲಸ! ನಾನು ವೃತ್ತಿಯಲ್ಲಿ ನೂರಾರು ಜನರನ್ನು ಮೈಕಿನ ಮುಂದೆ ಕೂರಿಸಿದ್ದೇನೆ. ಮೈಕಿಗೆ ಮಾತಾಡುವ ದನಿ ಬೇರೆ, ಗೆಳತಿಗೆ ಮಾತಾಡುವ ದನಿ ಬೇರೆ. ಎರಡನೆಯದು ಸಿಗಬೇಕೆಂದರೆ ಎದುರಿಗೆ ಆ ಭಾಷೆ ಗೊತ್ತಿರುವವರು ಇರಬೇಕು, ಟೇಪಿನಲ್ಲಾದರೂ.

ಆ ಟೇಪುಗಳು ಸಿಯಾಟಲಿನ ಬರ್ಕ್ ಮ್ಯೂಸಿಯಂನಲ್ಲಿವೆ. ಅವುಗಳಿಗೆ ಜೀವ ಬಂದದ್ದು ವೈ ಹಿಲ್ಬರ್ಟ್ ಅವರಿಂದ. 1918ರಲ್ಲಿ ಹುಟ್ಟಿದ ಅಪ್ಪರ್ ಸ್ಕಾಜಿಟ್ ಹೆಣ್ಣುಮಗಳು. ಭಾಷಾಶಾಸ್ತ್ರಜ್ಞ ಥಾಮ್ ಹೆಸ್ ಅವರ ಪರಿಚಯವಾದ ಮೇಲೆ ತಮ್ಮ ಮನೆಮಾತನ್ನೇ ಬರೆಯಲು ಕಲಿತರು. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಆ ಟೇಪುಗಳನ್ನು ಒಂದೊಂದೇ ಕೇಳಿ ಅಕ್ಷರಕ್ಕೆ ಇಳಿಸಿದರು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. 1994ರ ಲಶೂಟ್‌ಸೀಡ್ ನಿಘಂಟಿನಲ್ಲಿ ಹೆಸ್ ಹೆಸರಿನ ಜೊತೆ ಅವರ ಹೆಸರೂ ಇದೆ. 2008ರಲ್ಲಿ ಹೋದರು. ರಂಗ ಅವರೇ, ನಿಮ್ಮ ಮಗಳ ಟೀಚರಿಗೆ "ಅಬ್ಶ್" ಗೊತ್ತಾಗಿದ್ದು ಈ ದಾರಿಯಲ್ಲೇ.

ರೆಡ್ಮಂಡ್‌ರಂಗ

ಬರ್ಕ್ ಮ್ಯೂಸಿಯಂ ಮನೆಯಿಂದ ಅರ್ಧ ಗಂಟೆ. ಎರಡು ಸಲ ಡೈನೋಸಾರ್ ನೋಡಿ ಬಂದಿದ್ದೇನೆ. ಛೆ.

ಶಾಲ್ಮಲಾ

ಯಾರೂ ಕಾರಿನ ಕಥೆ ಹೇಳಲಿಲ್ಲವಲ್ಲ! ಸೇರಾ ಥಾಮಸನ್ 1981ರಿಂದ ಬೇಸಿಗೆ ಬೇಸಿಗೆ ಮೊಂಟಾನಾದ ಫ್ಲಾಟ್‌ಹೆಡ್ ಸೀಮೆಗೆ ಹೋಗಿ ಅಲ್ಲಿನ ಸಲಿಶ್ ಹಿರಿಯರ ಜೊತೆ ಕೆಲಸ ಮಾಡಿದವರು. ಆ ಜನ ಇಂಗ್ಲಿಷಿನಿಂದ ಪದ ತೆಗೆದುಕೊಳ್ಳಲು ಅಷ್ಟಾಗಿ ಹೋಗಲಿಲ್ಲ ಅನ್ನುವುದಕ್ಕೆ ಅವರು ಕೊಡುವ ಉದಾಹರಣೆ ಕಾರು. ಸಲಿಶ್‌ನಲ್ಲಿ ಅದು "ಪಿಪೂಯ್‌ಶನ್". ಅರ್ಥ, "ಅದಕ್ಕೆ ಸುಕ್ಕು ಸುಕ್ಕು ಪಾದ". ಮಣ್ಣಿನ ಮೇಲೆ ಟಯರ್ ಬಿಟ್ಟುಹೋಗುವ ಗುರುತು ನೋಡಿ ಇಟ್ಟ ಹೆಸರು. ಕೊನೆಯ "ಶನ್" ಇದೆಯಲ್ಲ, ಅದೇ ಪಾದ. ಕೈ, ಕಾಲು, ಮುಖ ಹೀಗೆ ಮೈಯ ಭಾಗಗಳಿಗೆ ಇಂಥ ಬಾಲಗಳು ಸಲಿಶ್ ಭಾಷೆಗಳಲ್ಲಿ ತುಂಬ ಇವೆ. ನಾವಾಗಿದ್ದರೆ ಕಾರಿಗೆ ಒಂದು ಉಕಾರ ಹಚ್ಚಿ ಮನೆಗೆ ಕರೆದುಕೊಂಡುಬಿಟ್ಟೆವು.

ಬೆಟ್ಟದಪುರದ_ಹುಡುಗ

ಎಲ್ಲ ಓದಿ ತಲೆ ಗುಂಯ್ ಅನ್ನುತ್ತಿದೆ, ಅಕ್ಕನ ಫ್ರಿಜ್ ಥರ. ನಮ್ಮ ಮನೆಮಾತು ಸಂಕೇತಿ. ಅಜ್ಜಿಗೆ 88. ನಾನು ಕೇಳಿದರೆ ಅರ್ಥ ಮಾಡಿಕೊಳ್ಳುತ್ತೇನೆ, ಉತ್ತರ ಕನ್ನಡದಲ್ಲಿ ಕೊಡುತ್ತೇನೆ. ಮುಂದಿನ ಭಾನುವಾರ ಊರಿಗೆ ಹೋಗುತ್ತಿದ್ದೇನೆ. ಫೋನಲ್ಲಿ ರೆಕಾರ್ಡ್ ಮಾಡಿದರೆ ಸಾಕಾ? ಏನು ಕೇಳಬೇಕು?

ಹಳೇಟೇಪು

ಫೋನ್ ಸಾಕು, ಆದರೆ ಒಂದು ಕಾಲರ್ ಮೈಕ್ ಕೊಳ್ಳಿ. ಫೈಲ್ ಡಬ್ಲ್ಯೂಎವಿಯಲ್ಲಿ ಇರಲಿ, ಎಂಪಿ3 ಬೇಡ. ಶುರುವಿನಲ್ಲಿ ದಿನಾಂಕ, ಊರು, ಅಜ್ಜಿಯ ಹೆಸರು ನಿಮ್ಮ ದನಿಯಲ್ಲೇ ಹೇಳಿ. ಫ್ಯಾನ್ ಆಫ್ ಮಾಡಿ. ವಾಪಸ್ ಬಂದ ರಾತ್ರಿಯೇ ಎರಡು ಕಡೆ ಕಾಪಿ ಇಡಿ, ಒಂದು ಮನೆಯವರ ಹತ್ತಿರ. ಇದನ್ನು ಮರೆಯಬೇಡಿ, ರಾಯರ ಮಾತು ನೆನಪಿರಲಿ.

ನುಡಿಹುಚ್ಚಿ

ಪದಪಟ್ಟಿ ಒಯ್ಯಬೇಡಿ. ಅಜ್ಜಿಯ ವಾರಗೆಯ ಸಂಕೇತಿ ಮಾತಾಡುವ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿ, ಮದುವೆ ಅಡುಗೆಯ ವಿಷಯ ಎತ್ತಿ, ನೀವು ಬಾಯಿ ಮುಚ್ಚಿಕೊಂಡಿರಿ. ಮತ್ತೆ, ಫ್ರಿಜ್ ಆಫ್ ಮಾಡಿದರೆ ಗಾಡಿ ಕೀಯನ್ನು ಫ್ರಿಜ್ ಒಳಗೆ ಇಡಿ. ಕೀ ಇಲ್ಲದೆ ಹೊರಡಲು ಆಗಲ್ಲ, ತೆಗೆಯಲು ಹೋದಾಗ ಆನ್ ಮಾಡುವುದು ನೆನಪಾಗುತ್ತದೆ. ಮೀನು ಕಳೆದುಕೊಂಡ ಮೇಲೆ ನನ್ನ ಮೇಡಂ ಹೇಳಿಕೊಟ್ಟ ಉಪಾಯ.

ಬೆಟ್ಟದಪುರದ_ಹುಡುಗ

ವರದಿ ಒಪ್ಪಿಸುತ್ತಿದ್ದೇನೆ. ಅಜ್ಜಿ ಮತ್ತು ಪಕ್ಕದ ಮನೆಯ ದೊಡ್ಡಮ್ಮ ಒಂದೂವರೆ ಗಂಟೆ ಮಾತಾಡಿದರು. ಮದುವೆ ಅಡುಗೆ ಅಂತ ಶುರುವಾಗಿದ್ದು ಯಾವುದೋ ಹಳೇ ಜಗಳಕ್ಕೆ ಹೋಗಿ, ಯಾರು ಯಾರ ಮನೆಗೆ ಹೋಗುವುದು ಬಿಟ್ಟರು ಅನ್ನುವಲ್ಲಿಗೆ ಮುಗಿಯಿತು. ನನಗೆ ಗೊತ್ತಿಲ್ಲದ ಪದಗಳೇ ನಲವತ್ತರ ಮೇಲೆ ಇವೆ. ಬರೆದುಕೊಳ್ಳುತ್ತಿದ್ದೇನೆ.

ಕೀಯನ್ನು ಮೊಸರಿನ ಪಾತ್ರೆ ಪಕ್ಕ ಇಟ್ಟಿದ್ದೆ ಅಕ್ಕ, ಆಣೆಗೂ. ನಡುವೆ ಅಮ್ಮ ಮೊಸರು ತೆಗೆಯಲು ಬಂದು, ಕೀ ನೋಡಿ, ಹುಡುಗನಿಗೆ ಬುದ್ಧಿಯಿಲ್ಲ ಅಂತ ತೆಗೆದು ಮೊಳೆಗೆ ನೇತುಹಾಕಿದ್ದಾರೆ. ನಾನು ಮೊಳೆಯಿಂದ ಕೀ ತೆಗೆದುಕೊಂಡು ಮೈಸೂರಿಗೆ ಹೊರಟುಬಿಟ್ಟೆ. ರಾತ್ರಿ ಫೋನ್ ಬಂತು. ಹಾಲು ಒಡೆದಿದೆ, ಎರಡು ಲೀಟರ್. ಇದು ಹಿಡಿತದಲ್ಲಿ ಆದದ್ದಾ, ಹಿಡಿತ ಮೀರಿ ಆದದ್ದಾ?

ನುಡಿಹುಚ್ಚಿ

ಅದಿರಲಿ, ಹಾಲು ಒಡೆದದ್ದಕ್ಕೆ ಅಜ್ಜಿ ಸಂಕೇತಿಯಲ್ಲಿ ಏನಂದರು? ಆ ಫೋನ್ ರೆಕಾರ್ಡ್ ಮಾಡಿಕೊಂಡಿರಾ?